ಬಲ್ಮಠದ ಗ್ರಂಥಾಲಯದಲ್ಲಿ ನೆರವಾದ ಹಿರಿಯರಿಗೆ ವಂದನೆಗಳು

ಮಂಗಳೂರಿನ ಬಲ್ಮಠದಲ್ಲಿರುವ ದೇವಶಾಸ್ತ್ರ ಕಾಲೇಜಿನ ಗ್ರಂಥಾಲಯದಲ್ಲಿ ನನ್ನ ಎದುರಿನ ಮೇಜಿನಲ್ಲಿ ಕುಳಿತಿದ್ದು, ನಮ್ಮ ಕ್ರೈಸ್ತ ಸಭೆಯ (ಚರ್ಚಿನ) ಸ್ತ್ರೀಯರ ಕೂಟಕ್ಕಾಗಿ, ಸಭೆಯಲ್ಲಿ ಸ್ತ್ರೀಯರ ಸೇವೆಯ ಕುರಿತು ನಾನು ಸಿದ್ಧಪಡಿಸುತ್ತಿದ್ದ ಪಾಠವನ್ನು ತಾವಾಗಿಯೇ ಕೇಳಿ ಪಡೆದು, ಸಾಲುಸಾಲಾಗಿ ಓದಿ ಸಲಹೆ ನೀಡಿದ ಹಿರಿಯ ಅಮ್ಮನವರಿಗೆ ಹೃತ್ಪೂರ್ವಕ ಧನ್ಯವಾದಗಳು. ಹೆಸರು ಕೇಳಿದಾಗ ನೀವು ನಕ್ಕು ಹೊರಟುಬಿಟ್ಟದ್ದರಿಂದ ಹೀಗೆ ಬಹಿರಂಗವಾಗಿ ಬರೆಯಬೇಕಾಗಿದೆ.

ದೇವರು ಸ್ತ್ರೀಯರಿಗೆ ಸೇವೆಗಾಗಿ ಕೊಟ್ಟ ವರಗಳ, ಅಂದರೆ ಸಾಮರ್ಥ್ಯಗಳ, ಕುರಿತು ವಾದ ಹೂಡುವ ಬದಲು ಬೈಬಲ್ಲಿನ ವ್ಯಕ್ತಿಗಳಿಂದಲೇ ಆರಂಭಿಸಬೇಕೆಂದು ನೀವು ಸೂಚಿಸಿದಿರಿ. ಯೇಸುವಿನ ಪುನರುತ್ಥಾನದ ಸುದ್ದಿಯನ್ನು ಶಿಷ್ಯರಿಗೆ ಮುಟ್ಟಿಸಿದ ಮಗ್ದಲದ ಮರಿಯಳು, ಕೊರಿಂಥದ ಬಳಿಯ ಬಂದರು ಕೆಂಖ್ರೆಯ ಸಭೆಯ ಸೇವೆಯಲ್ಲಿದ್ದ ಫೊಯಿಬೆ, ಗಂಡ ಅಕ್ವಿಲನೊಡನೆ ಸೇರಿ ಅಪೊಲ್ಲೋಸನಂತಹ ವಾಕ್ಚತುರನಿಗೇ ದೇವರ ಮಾರ್ಗವನ್ನು ಇನ್ನಷ್ಟು ಸ್ಪಷ್ಟವಾಗಿ ವಿವರಿಸಿದ ಪ್ರಿಸ್ಕಿಲ್ಲ, ಈ ಮೂವರನ್ನು ನೀವು ಪರಿಚಯಿಸಿದ ರೀತಿಯಲ್ಲಿಯೇ ನಾನೂ ಕೂಟದ ಮುಂದಿಟ್ಟೆ. 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಯಲ್ಲಿ (ಸಿ.ಎಸ್.ಐ. ಚರ್ಚಿನಲ್ಲಿ) 1976ರಲ್ಲಿ ಎಲಿಜಬೆತ್ ಪಾಲ್ ಎಂಬ ಮಹಿಳೆ ಸಭಾಪಾಲಕ (ಪಾದ್ರಿ) ದೀಕ್ಷೆ ಪಡೆದದ್ದನ್ನೂ, 2013ರಲ್ಲಿ ಪುಷ್ಪಲಲಿತಾ ಅವರು ಆಂಧ್ರದ ನಂದ್ಯಾಲದಲ್ಲಿ ಆ ಸಭೆಯ ಮೊದಲ ಮಹಿಳಾ ಬಿಷಪ್ ಆದದ್ದನ್ನೂ ಸೇರಿಸಿದೆ. ಈ ಎರಡು ವರ್ಷಗಳ ನಡುವಿನ ಅಂತರ ಕೂಟದಲ್ಲಿ ದೀರ್ಘ ಚರ್ಚೆಗೆ ಕಾರಣವಾಯಿತು. ನನಗೂ ಅದು ಬಹಳ ದೀರ್ಘವೆಂದೇ ತೋರುತ್ತದೆ.

ಭಾನುವಾರ ಶಾಲೆಯನ್ನೂ ಹಬ್ಬದ ಅಡುಗೆಯನ್ನೂ ಸ್ತ್ರೀಯರಿಗೆ ನಿಶ್ಚಿಂತೆಯಿಂದ ಒಪ್ಪಿಸುವ ಸಭೆಗಳು ಪ್ರಸಂಗಪೀಠ (ಆರಾಧನೆಯಲ್ಲಿ ಉಪದೇಶ ನೀಡುವ ಸ್ಥಾನ) ಮತ್ತು ಲೆಕ್ಕಪತ್ರದ ವಿಷಯ ಬಂದಾಗ ಮಾತ್ರ ಹಿಂಜರಿಯುತ್ತವೆಂದು ನೀವು ಹೇಳಿದ್ದನ್ನೂ, ತುಸು ಅಳುಕಿನಿಂದಲೇ, ಪಾಠದಲ್ಲಿ ಉಳಿಸಿಕೊಂಡೆ. ಪಾಠವನ್ನು ಕೇಳಿದ ನಮ್ಮ ಸಭಾಪಾಲಕರು ಮುಂದಿನ ತಿಂಗಳ ಒಂದು ಭಾನುವಾರದ ಪ್ರಸಂಗವನ್ನು ಕೂಟದ ಸದಸ್ಯೆಯೊಬ್ಬರಿಗೆ ವಹಿಸಿದ್ದಾರೆ. ಈ ಬರಹ ನಿಮ್ಮ ಕಣ್ಣಿಗೆ ಬಿದ್ದರೆ, ಅಮ್ಮಾ, ಅಂದಿನ ಆರಾಧನೆಗೆ ದಯವಿಟ್ಟು ಬನ್ನಿ.