ಒಣಗಿ ಹೋಗಿದ್ದೇನೆಯೇ ಎಂದು ಕೇಳಿದ ಮಾಣಿಗೆ

ಶಿರಸಿ,
ಡಿಸೆಂಬರ್ 17

ಚಿರಂಜೀವಿ ಮಾಣಿಗೆ ನಿನ್ನ ಸೋದರತ್ತೆ ಮಾಡುವ ಅನೇಕ ಆಶೀರ್ವಾದಗಳು. ಉಭಯ ಕುಶಲೋಪರಿ.

ಊರ ಸುದ್ದಿಯನ್ನೂ ಮನೆಯ ಸುದ್ದಿಯನ್ನೂ ಭಾನುವಾರದ ಫೋನಿನಲ್ಲಿ ನಿನ್ನ ಅಪ್ಪ ಹೇಳಿಯೇ ಇರುತ್ತಾನೆ. ಕಳೆದ ಮಳೆಗಾಲದಲ್ಲಿ ಆದದ್ದು ನಿನಗೂ ಗೊತ್ತು, ನನಗೂ ಗೊತ್ತು. ಅದನ್ನು ಮತ್ತೆ ಕೆದಕುವುದಿಲ್ಲ. ನಾನು ಕಾಗದ ಹಿಡಿದು ಕುಳಿತಿರುವುದು ನಿನ್ನ ಪತ್ರದ ಕೊನೆಯ ಪುಟದ ಒಂದೇ ಒಂದು ಸಾಲಿಗಾಗಿ. ಮೊದಲ ಮೂರು ಪುಟಗಳನ್ನು ಸಂತೋಷದಿಂದಲೇ ಓದಿದೆ. ಸ್ಟಾಕ್‌ಹೋಮಿನಲ್ಲಿ ಈಗ ಮಧ್ಯಾಹ್ನ ಮೂರು ಹೊಡೆಯುವ ಮೊದಲೇ ಸೂರ್ಯ ಮುಳುಗುತ್ತಾನೆ, ಹಗಲೆಂದರೆ ಬರೀ ಆರು ತಾಸು, ಮನೆಮನೆಯ ಕಿಟಕಿಯಲ್ಲೂ ಗೋಪುರದ ಆಕಾರದಲ್ಲಿ ಏಳು ದೀಪ ಇಟ್ಟಿರುತ್ತಾರೆ, 13ನೆಯ ತಾರೀಖು ಲೂಸಿಯಾ ಹಬ್ಬದಂದು ಬಿಳಿಯ ನಿಲುವಂಗಿಯ ಹುಡುಗಿಯೊಬ್ಬಳು ತಲೆಯ ಮೇಲೆ ದೀಪಗಳ ಕಿರೀಟ ಹೊತ್ತು ಹಾಡುತ್ತ ಬರುತ್ತಾಳೆ ಎಂದೆಲ್ಲ ನೀನು ಬರೆದದ್ದನ್ನು ಪಕ್ಕದ ಮನೆಯವರಿಗೂ ಓದಿ ಹೇಳಿದೆ. ನಾಲ್ಕನೆಯ ಪುಟವನ್ನು ಓದಿ ಹೇಳಲಿಲ್ಲ. ಅದನ್ನು ಮಡಚಿ ಪಂಚಾಂಗದೊಳಗೆ ಇಟ್ಟೆ, ರಾತ್ರಿ ಮತ್ತೆ ತೆಗೆದೆ. “ರಜೆ ಬಂದಿದೆ, ಸುತ್ತಲೂ ಎಲ್ಲರೂ ಸಂತೋಷದಲ್ಲಿದ್ದಾರೆ, ನನಗೆ ಮಾತ್ರ ಏನೂ ಅನ್ನಿಸುತ್ತಿಲ್ಲ, ಅತ್ತೆ, ನಾನು ಒಳಗಿನಿಂದ ಒಣಗಿ ಹೋಗಿದ್ದೇನೆಯೇ?”

ಹಾಗೇನೂ ಇಲ್ಲ ಮಾರಾಯಾ ಎಂದು ಒಂದು ಸಾಲು ಬರೆದು ಅಂಚೆಗೆ ಹಾಕಿಬಿಡೋಣ ಎಂದು ಮೊದಲು ಅನ್ನಿಸಿತ್ತು. ಆದರೆ ಇಷ್ಟು ವರ್ಷ ಶಾಲೆಯಲ್ಲಿ ಅಕ್ಕೋರಾಗಿ ಕಲಿತದ್ದೇನಾದರೂ ಇದ್ದರೆ ಅದು ಇಷ್ಟೇ: ಹೆದರಿದ ಮಗುವಿಗೆ ಏನೂ ಇಲ್ಲ ಎನ್ನುವುದೆಂದರೆ, ಇನ್ನು ಮುಂದೆ ನಿನ್ನ ಹೆದರಿಕೆಯನ್ನು ನನ್ನ ಹತ್ತಿರ ತರಬೇಡ ಎಂದಂತೆ. ಆಮೇಲೆ ಅಂಗಳದಲ್ಲಿ ಹರವಿದ ಅಡಿಕೆಯನ್ನು ನೋಡಿ, ನಲವತ್ತು ನಲವತ್ತೈದು ದಿನ ಬಿಸಿಲಿನಲ್ಲಿ ಒಣಗಿದರೇ ಅದು ಒಳ್ಳೆಯ ಚಾಲಿಯಾಗುವುದು, ಒಣಗುವುದೆಂದರೆ ಹಾಳಾಗುವುದಲ್ಲ ಎಂದು ಅರ್ಧ ಪುಟ ಬರೆದೆ. ಓದಿ ನೋಡಿದರೆ ನನಗೇ ನಗು ಬಂತು. ನೀನು ಅಡಿಕೆಯಲ್ಲ. ಆ ಹಾಳೆಯನ್ನು ಹರಿದು ಒಲೆಗೆ ಹಾಕಿದೆ.

ನಿನ್ನ ಸಹೋದ್ಯೋಗಿಯೊಬ್ಬರ ಮಾತಿನಂತೆ ದಿನವೂ ಮಲಗುವ ಮೊದಲು ಕೃತಜ್ಞನಾಗಿರಬೇಕಾದ ಮೂರು ಸಂಗತಿಗಳನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದೀಯೆಂದೂ, ಬಿಸಿನೀರು, ನೌಕರಿ, ಬೆಚ್ಚಗಿನ ಕೋಣೆ ಎಂದು ಬರೆಯುವಾಗ ರೇಷನ್ ಕಾರ್ಡಿನ ಅರ್ಜಿ ತುಂಬಿದಂತಾಗುತ್ತದೆಯೇ ಹೊರತು ಮನಸ್ಸು ಅಲುಗುವುದಿಲ್ಲವೆಂದೂ, ನಿನ್ನ ಭಯ ಶುರುವಾದದ್ದು ಅಲ್ಲಿಂದಲೇ ಎಂದೂ ಬರೆದಿದ್ದೀಯ. ಆ ಪದ್ಧತಿಯನ್ನು ನಾನು ಹಳಿಯುವುದಿಲ್ಲ. ಅದರಿಂದ ಸಮಾಧಾನ ಪಡೆದವರು ಇದ್ದಾರೆ. ಆದರೆ ಒಂದು ಶಬ್ದದ ವಿಷಯ ಹೇಳಬೇಕು, ಕನ್ನಡ ಕಲಿಸಿದವಳ ಚಟವೆಂದು ಸಹಿಸಿಕೋ. ಕೃತಜ್ಞ ಎಂದರೆ ಕೃತವನ್ನು ಬಲ್ಲವನು, ತನಗೆ ಯಾರು ಏನು ಮಾಡಿದ್ದಾರೆ ಎಂಬುದನ್ನು ತಿಳಿದವನು. ಆ ಶಬ್ದದಲ್ಲಿ ತಿಳಿವಳಿಕೆಯ ಮಾತಿದೆ, ಎದೆ ತುಂಬಿ ಬರುವ ಮಾತಿಲ್ಲ. ಬಿಸಿನೀರು ನಿನಗಾಗಿ ಏನನ್ನೂ ಮಾಡಿಲ್ಲ ಮಾಣಿ, ಅದು ಕೊಳವೆಯಲ್ಲಿ ಬರುತ್ತದೆ ಅಷ್ಟೇ. ಅದರ ಮುಂದೆ ಮನಸ್ಸು ಅಲುಗದಿದ್ದರೆ ನಿನ್ನ ಮನಸ್ಸಿನ ತಪ್ಪೇನಿದೆ?

ಇದನ್ನು ನಾನು ಕಲಿತದ್ದು ಕಾರವಾರದಲ್ಲಿ, ಅದೂ ತೀರಾ ತಡವಾಗಿ. ಹೊಸದಾಗಿ ನೌಕರಿ ಸೇರಿದಾಗ ಸದಾಶಿವಗಡದ ಕಡೆಯ ಶಾಲೆಯೊಂದಕ್ಕೆ ಹಾಕಿದ್ದರು, ನಾನಿದ್ದದ್ದು ಕೋಡಿಬಾಗದ ಒಂದು ಬಾಡಿಗೆ ಕೋಣೆಯಲ್ಲಿ. ಕಾಳಿ ನದಿಗೆ ಆಗಿನ್ನೂ ಸೇತುವೆಯಾಗಿರಲಿಲ್ಲ. ದಿನವೂ ಲಾಂಚಿನಲ್ಲಿ ದಾಟಬೇಕಿತ್ತು. ಶಿರಸಿಯ ಕಡೆ ವರ್ಗ ಕೇಳಿ ಕೊಟ್ಟ ಅರ್ಜಿ ಎರಡು ಸಲ ತಿರುಗಿ ಬಂದಿತ್ತು. ಅದಕ್ಕೂ ಮೊದಲು ಆದದ್ದು ನಿನಗೆ ಅಪ್ಪನಿಂದ ತಿಳಿದಿದೆ. ಆ ಎರಡು ವರ್ಷ ನಾನು ನದಿಯನ್ನು ನೋಡಲೇ ಇಲ್ಲವೆಂದರೆ ನೀನು ನಂಬಬೇಕು. ಮಾಗಿಯ ಬೆಳಗಿನಲ್ಲಿ ನೀರಿನ ಮೇಲೆ ಮಂಜು ಕುಳಿತಿರುತ್ತದೆ, ಆಚೆ ಗುಡ್ಡ ಅರ್ಧವಷ್ಟೇ ಕಾಣುತ್ತದೆ, ಎಡಕ್ಕೆ ನೋಡಿದರೆ ನದಿ ಸಮುದ್ರ ಸೇರುವ ಅಳಿವೆ. ಇಷ್ಟೆಲ್ಲ ಇದ್ದರೂ ನಾನು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅದರ ಗುಂಡಿಯನ್ನೇ ನೋಡುತ್ತ ಕುಳಿತಿರುತ್ತಿದ್ದೆ. ಪುಷ್ಯದ ಹುಣ್ಣಿಮೆಯಲ್ಲಿ ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆಗೆ ಶಾಲೆಯವರೆಲ್ಲ ದೋಣಿ ಮಾಡಿಕೊಂಡು ಹೊರಟಾಗ, ಉತ್ತರಪತ್ರಿಕೆ ತಿದ್ದುವುದಿದೆ ಎಂದು ಸುಳ್ಳು ಹೇಳಿ ಕೋಣೆಯಲ್ಲಿ ಉಳಿದೆ. ನನಗೂ ಆಗ ಏನೂ ಅನ್ನಿಸುತ್ತಿರಲಿಲ್ಲ. ನೀನು ಬರೆದ ಶಬ್ದ ನನಗೆ ಹೊಳೆದಿರಲಿಲ್ಲ, ಅಷ್ಟೇ ವ್ಯತ್ಯಾಸ. 2024ರ ಆಗಸ್ಟಿನಲ್ಲಿ ಹಳೆಯ ಸೇತುವೆ ನಡುರಾತ್ರಿ ಕುಸಿದು ಲಾರಿಯೊಂದು ನದಿಗೆ ಬಿದ್ದ ದೃಶ್ಯವನ್ನು ಟಿ.ವಿ.ಯಲ್ಲಿ ನೋಡುವಾಗ, ಆ ಸೇತುವೆ ಹುಟ್ಟುವ ಮೊದಲು ನಾನು ದಾಟಿದ ನೀರು ಇದೇ ಅಲ್ಲವೇ ಎಂದು ಕಣ್ಣಿಟ್ಟು ಹುಡುಕಿದೆ. ಯಾವ ಗುರುತೂ ಸಿಗಲಿಲ್ಲ.

ನನ್ನ ಕೋಣೆಯ ಮನೆಯೊಡತಿ ಕೊಂಕಣಿ ಮಾತನಾಡುವ ಕ್ರಿಶ್ಚಿಯನ್ ಹೆಂಗಸು, ಗಂಡ ತೀರಿಕೊಂಡಿದ್ದ, ಒಬ್ಬನೇ ಮಗ ಹಡಗಿನ ಕೆಲಸದಲ್ಲಿದ್ದ. ಆ ವರ್ಷದ ಕ್ರಿಸ್‌ಮಸ್ಸಿಗೆ ಬರುವುದಿಲ್ಲವೆಂದು ಅವನಿಂದ ಕಾಗದ ಬಂದಿತ್ತು. ಆದರೂ ಹಬ್ಬಕ್ಕೆ ನಾಲ್ಕು ದಿನವಿರುವಾಗ ಆಕೆ ಹಿಟ್ಟು ನಾದಿಕೊಂಡು ಕುಳಿತಳು, ನನ್ನ ಬಾಗಿಲು ತಟ್ಟಿ, ಸುಮ್ಮನೆ ಕುಳಿತಿದ್ದೀಯಲ್ಲ ಬಾ ಎಂದು ಕರೆದು, ಒಂದು ಹೊಸ ಬಾಚಣಿಗೆಯನ್ನು ಕೈಗೆ ಕೊಟ್ಟಳು. ನೆಲ್ಲಿಕಾಯಿಯಷ್ಟು ಹಿಟ್ಟನ್ನು ಬಾಚಣಿಗೆಯ ಹಲ್ಲಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಾಗೆಯೇ ಸುರುಳಿ ಸುತ್ತಿದರೆ ಮೈತುಂಬ ಗೆರೆಯ ಶಂಖದಂಥ ಕುಲ್ಕುಲ್ ಆಗುತ್ತದೆ. ಮೊದಲ ಇಪ್ಪತ್ತು ಕೆಟ್ಟವು. ಮಗ ಬರುವುದಿಲ್ಲವಲ್ಲ, ಇಷ್ಟೊಂದು ಯಾರಿಗೆ ಎಂದು ಕೇಳಿದೆ. ಆಕೆ ಬೆರಳು ಮಡಚುತ್ತ ಲೆಕ್ಕ ಹೇಳಿದಳು: ಚೌತಿಗೆ ಪಂಚಕಜ್ಜಾಯ ಕೊಟ್ಟ ಮನೆಗೆ ಒಂದು ತಟ್ಟೆ, ಮಳೆಗಾಲದಲ್ಲಿ ಹೆಂಚು ಸರಿಸಿ ಕೊಟ್ಟವನಿಗೆ ಒಂದು, ಮೀನು ತರುವಾಗ ದಿನವೂ ಒಂದು ಹೆಚ್ಚು ಹಾಕುವವಳಿಗೆ ಒಂದು. ಬಂದ ತಟ್ಟೆಯನ್ನು ಖಾಲಿ ಕಳಿಸುವುದುಂಟೇ ಎಂದಳು. ಆಕೆಯ ಮುಖದಲ್ಲಿ ವಿಶೇಷ ಸಂತೋಷವೇನೂ ಇರಲಿಲ್ಲ. ನಡುನಡುವೆ ಕಣ್ಣೊರೆಸಿಕೊಂಡಳು ಕೂಡ. ಲೆಕ್ಕ ಮಾತ್ರ ತಪ್ಪಲಿಲ್ಲ. ಅಂದು ನನಗೆ ಏನಾದರೂ ಅನ್ನಿಸಿತೇ ಎಂದು ನೀನು ಕೇಳಿದರೆ, ಇಲ್ಲ, ಹೆಬ್ಬೆರಳು ನೋಯಿತು. ಇಷ್ಟು ವರ್ಷದ ಮೇಲೆ, ಕಾರವಾರವೆಂದರೆ ಕಣ್ಣಿಗೆ ಕಟ್ಟುವುದು ಮಾತ್ರ ಆ ಅಡುಗೆಮನೆಯ ಸಂಜೆಯೊಂದೇ.

ಇದರ ಜೊತೆಗೆ ಹೇಳಬೇಕಾದ ಇನ್ನೊಂದು ಮಾತಿದೆ, ನಿನ್ನ ಅಪ್ಪನಿಗೂ ಹೇಳಿದ್ದಿಲ್ಲ. ಅದೇ ಚಳಿಗಾಲದಲ್ಲಿ ಆಯಿ, ಎಂದರೆ ನಿನ್ನ ಅಜ್ಜಿ, ಶಿರಸಿಯಿಂದ ಬರುವ ಬಸ್ಸಿನ ಕಂಡಕ್ಟರನ ಕೈಯಲ್ಲಿ ಒಂದು ಡಬ್ಬ ತೊಡೆದೇವು ಕಳಿಸಿದ್ದಳು. ತೊಡೆದೇವು ಮಾಡುವುದನ್ನು ನೀನು ನೋಡಿದ್ದೀಯ: ಉರಿಯ ಮೇಲೆ ಕವುಚಿಟ್ಟ ಮಡಕೆಯ ಬೆನ್ನಿಗೆ ಜೋನಿ ಬೆಲ್ಲ ಕಲಸಿದ ಅಕ್ಕಿಹಿಟ್ಟನ್ನು ಬಟ್ಟೆ ಸುತ್ತಿದ ಕೋಲಿನಿಂದ ಒಂದೇ ಬೀಸಿಗೆ ತೊಡೆಯಬೇಕು, ಅದು ಕಾಗದದಂತೆ ಏಳುವ ಹೊತ್ತಿಗೆ ಬಿಸಿಬಿಸಿಯಾಗಿಯೇ ಮಡಚಬೇಕು, ಕ್ಷಣ ತಡವಾದರೆ ಮುರಿಯುತ್ತದೆ. ಡಬ್ಬದಲ್ಲಿ ಐವತ್ತರ ಮೇಲಿದ್ದವು. ನಾನು ಮುಚ್ಚಳ ತೆಗೆದು ನೋಡಿ ಹಾಗೆಯೇ ಮುಚ್ಚಿಟ್ಟೆ. ಕಡಲ ಗಾಳಿಗೆ ನಾಲ್ಕೇ ದಿನಕ್ಕೆ ಮೆತ್ತಗಾದವು, ಆಮೇಲೆ ಇರುವೆ ಹತ್ತಿದವು. ಡಬ್ಬವನ್ನು ತೊಳೆದು ಅದೇ ಕಂಡಕ್ಟರನ ಕೈಯಲ್ಲಿ ಖಾಲಿ ಕಳಿಸಿದೆ. ಯುಗಾದಿಗೆ ಹೋದಾಗ ಆಯಿ, ಗರಿಗರಿ ಇತ್ತಾ, ಮೆತ್ತಗಾಗಿತ್ತಾ ಎಂದು ಕೇಳಿದಳು. ಗರಿಗರಿ ಇತ್ತು ಎಂದೆ. ಅವಳಿಗೆ ಗೊತ್ತಾಗಿರಬೇಕು, ಯಾಕೆಂದರೆ ಮತ್ತೆ ಕೇಳಲಿಲ್ಲ.

ಆ ಚಳಿಗಾಲದಲ್ಲಿ ನನಗೆ ಏನೂ ಅನ್ನಿಸದೇ ಹೋದದ್ದಕ್ಕೆ ನಾನು ಈಗ ಪರಿತಪಿಸುತ್ತಿಲ್ಲ ಮಾಣಿ. ಅನ್ನಿಸುವುದು ಬಿಡುವುದು ಯಾರ ಕೈಯಲ್ಲೂ ಇಲ್ಲ. ಒಂದು ತುಂಡನ್ನಾದರೂ ಬಾಯಿಗೆ ಹಾಕಿಕೊಂಡು, ಮೆತ್ತಗಾಗಿತ್ತು ಆಯೀ, ನನಗೆ ಈಗ ಏನೂ ರುಚಿಸುತ್ತಿಲ್ಲ ಎಂದು ಒಂದು ಕಾರ್ಡು ಬರೆಯಬಹುದಿತ್ತಲ್ಲ, ಅದಕ್ಕೆ ಪರಿತಪಿಸುತ್ತೇನೆ. ನೀನು ಹಾಗೆ ಬರೆದಿದ್ದೀಯ. ನಿನ್ನ ಕೊನೆಯ ಸಾಲನ್ನು ಎಷ್ಟು ಸಲ ಓದಿದರೂ ನನಗೆ ಕಾಣುವುದು ಅದೇ: ಪೂರ್ತಿ ಒಣಗಿದವನು ಒಣಗಿದ್ದೇನೆಯೇ ಎಂದು ಹೆದರಿ ಅತ್ತೆಗೆ ಪತ್ರ ಬರೆಯುವುದಿಲ್ಲ, ನನ್ನಂತೆ ಡಬ್ಬ ತೊಳೆದು ಕಳಿಸುತ್ತಾನೆ.

ಇಷ್ಟು ಬರೆದ ಮೇಲೂ ನನ್ನ ಅಳುಕು ಹೋಗಿಲ್ಲ. ನನಗೆ ಸೂರ್ಯನಿದ್ದ, ನಿನಗೆ ಅವನೂ ಇಲ್ಲ. ನಮ್ಮ ಶಿರಸಿಯಲ್ಲಿ ವರ್ಷದ ಅತಿ ಸಣ್ಣ ಹಗಲೂ ಹನ್ನೊಂದು ತಾಸು ದಾಟುತ್ತದೆ. ಚಳಿಗಾಲದ ಕತ್ತಲೆಗೆ ಮನಸ್ಸು ಕುಗ್ಗುವುದನ್ನು ವೈದ್ಯರು ಕಾಯಿಲೆಯೆಂದೇ ಗುರುತಿಸಿ ಹೆಸರಿಟ್ಟು ನಲವತ್ತು ವರ್ಷವಾಯಿತಂತೆ, ಬೆಳಿಗ್ಗೆ ಪ್ರಖರವಾದ ದೀಪದೆದುರು ಕೂರಿಸುವ ಚಿಕಿತ್ಸೆಯೂ ಇದೆಯಂತೆ; ವೈದ್ಯಳಾಗಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೇಳಿದಳು. ನಿನ್ನ ಹೆಸರನ್ನು ನಾನು ಹೇಳಲಿಲ್ಲ. ಊಟ ಸೇರದೆ, ನಿದ್ದೆ ಕೆಟ್ಟು, ಹೀಗೆಯೇ ವಾರಗಟ್ಟಲೆ ನಡೆದರೆ ಅಲ್ಲಿಯ ಡಾಕ್ಟರನ್ನು ಕಾಣು. ನಮ್ಮ ಕಾಲದಲ್ಲಿ ಮನಸ್ಸಿಗೆ ಔಷಧ ಎಂದರೆ ಸಾಕು, ಧಾರವಾಡದ ಮಾನಸಿಕ ಆಸ್ಪತ್ರೆಗೆ ಕರೆದೊಯ್ಯಬೇಕಂತೆ ಎಂದು ಪಿಸುಗುಟ್ಟುತ್ತಿದ್ದರು, ಆ ಪಿಸುಮಾತಿಗೆ ಹೆದರಿಯೇ ಎಷ್ಟೋ ಜನ ಸುಮ್ಮನಿದ್ದರು. ನಾನೂ ಆ ಎಷ್ಟೋ ಜನರಲ್ಲಿ ಒಬ್ಬಳು. ಊಟದ ಬಿಡುವಿನಲ್ಲಿ ಬೆಳಕಿರುವಾಗಲೇ ಅರ್ಧ ತಾಸು ಹೊರಗೆ ನಡೆದು ಬಾ ಎಂದು ಹೇಳಬೇಕೆನ್ನಿಸುತ್ತದೆ, ಹಿಮದಲ್ಲಿ ನಡೆಯುವುದು ಹೇಗೆಂದು ಗೊತ್ತಿಲ್ಲದವಳು ಹೇಳುವ ಮಾತಲ್ಲವೆಂದೂ ಅನ್ನಿಸುತ್ತದೆ.

ನಿನ್ನೆಯಿಂದ ಧನುರ್ಮಾಸ. ನಸುಕಿನಲ್ಲಿ ದೇವಸ್ಥಾನದ ಗಂಟೆ ಕೇಳುತ್ತಿದೆ, ಹುಗ್ಗಿಯ ಆಸೆಗೆ ಮಕ್ಕಳು ಕಂಬಳಿ ಹೊದ್ದುಕೊಂಡೇ ಹೋಗುತ್ತವೆ. ನಿನ್ನ ಅಪ್ಪನ ಮನೆಯಲ್ಲಿ ಅಡಿಕೆಗೊನೆಯ ಕೊಯ್ಲು ಶುರುವಾಗಿ ರಾತ್ರಿ ಸುಲಿಯುವ ಕೆಲಸ ಹತ್ತಿದೆ. ಮೊನ್ನೆ ನಾನೂ ಹೋಗಿ ಮೆಟ್ಟುಗತ್ತಿಯ ಮುಂದೆ ಕುಳಿತಿದ್ದೆ. ಮಂಡಿ ಮುಕ್ಕಾಲು ತಾಸಿಗೇ ತಕರಾರು ತೆಗೆಯಿತು, ಬೆರಳಿಗೆ ಹತ್ತಿದ ಅಡಿಕೆಯ ಕಪ್ಪು ಇನ್ನೂ ಹೋಗಿಲ್ಲ, ಈ ಕಾಗದದ ಅಂಚಿನಲ್ಲಿ ಕಂಡರೆ ಮಸಿಯೆಂದು ತಿಳಿಯಬೇಡ. ನೀನು ಎರಡನೆಯ ಇಯತ್ತೆಯಲ್ಲಿರುವಾಗ ಅದೇ ಜಗಲಿಯಲ್ಲಿ, ಸುಲಿಯುವವರ ಕಥೆ ಮುಗಿಯುವ ತನಕ ಮಲಗುವುದಿಲ್ಲವೆಂದು ಹಟ ಹಿಡಿದು, ಗೋಣಿಚೀಲದ ಮೇಲೆ ಕುಳಿತಲ್ಲಿಯೇ ನಿದ್ದೆ ಹೋಗುತ್ತಿದ್ದೆ. ಆಗ ನೀನು ಸಂತೋಷದಲ್ಲಿದ್ದೆಯೇ? ಯಾರಾದರೂ ಎಬ್ಬಿಸಿ ಕೇಳಿದ್ದರೆ ಅತ್ತುಬಿಡುತ್ತಿದ್ದೆ. ಈಗ ನೀನೇ ನಿನ್ನನ್ನು ಮೂರು ಹೊತ್ತೂ ಎಬ್ಬಿಸಿ ಕೇಳುತ್ತಿದ್ದೀಯೇನೋ ಎಂಬುದು ನನ್ನ ಅನುಮಾನ. ಮೂರು ಸಂಗತಿಗಳ ಆ ಪುಸ್ತಕವನ್ನು ಸ್ವಲ್ಪ ದಿನ ಮುಚ್ಚಿಟ್ಟರೆ ನಷ್ಟವಿಲ್ಲ. ಬರೆಯಲೇಬೇಕೆನ್ನಿಸಿದರೆ ಒಬ್ಬರ ಹೆಸರು ಬರೆದು, ಅವರು ಮಾಡಿದ್ದನ್ನು ಬರೆ; ನೀನು ಜ್ವರದಲ್ಲಿ ಮಲಗಿದ್ದಾಗ ಬಾಗಿಲಲ್ಲಿ ಸೂಪು ಇಟ್ಟು ಹೋದ ಮೇಲಿನ ಮನೆಯ ಮುದುಕಿಯ ಬಗ್ಗೆ ಅಕ್ಟೋಬರಿನಲ್ಲಿ ಬರೆದಿದ್ದೆಯಲ್ಲ, ಆಕೆಯ ಪಾತ್ರೆ ಇನ್ನೂ ನಿನ್ನ ಕಪಾಟಿನಲ್ಲಿಯೇ ಇದೆಯೋ, ಹಿಂದಿರುಗಿಸಿದೆಯೋ? ರಜೆಯಲ್ಲಿ ಎಲ್ಲರೂ ಊರಿಗೆ ಹೋಗುತ್ತಾರೆ ಎಂದಿದ್ದೀಯ. ಹೋಗದೆ ಉಳಿದವರು ಒಬ್ಬಿಬ್ಬರಾದರೂ ಇರುತ್ತಾರೆ, ಅವರನ್ನು ಅನ್ನ ಸಾರಿಗೆ ಕರೆಯಬಹುದು. ಒತ್ತಾಯವಿಲ್ಲ.

ನಮ್ಮ ಪರಿಚಯದ ಮನೆಯ ಹುಡುಗಿಯೊಬ್ಬಳು 20ಕ್ಕೆ ನೀನಿರುವ ಊರಿಗೇ ಹೊರಟಿದ್ದಾಳೆ. ಅವಳ ಕೈಯಲ್ಲಿ ಈ ಪತ್ರವನ್ನೂ ಒಂದು ಡಬ್ಬವನ್ನೂ ಕಳಿಸುತ್ತಿದ್ದೇನೆ. ಮಡಕೆಯ ಮುಂದೆ ಕೂರಲು ನನ್ನಿಂದಾಗುವುದಿಲ್ಲ, ತೊಡೆದದ್ದು ನಿನ್ನ ಅಮ್ಮ. ಮಡಚುವುದನ್ನಷ್ಟೇ ನಾನು ಮಾಡಿದ್ದು, ಹಾಗಾಗಿ ಮುರಿದವೆಲ್ಲ ನನ್ನ ಲೆಕ್ಕಕ್ಕೆ. ದಾರಿಯಲ್ಲಿ ಪುಡಿಯಾಗಿದ್ದರೆ ಬಿಸಿ ಹಾಲಿಗೆ ಹಾಕಿ ಒಂದು ಚಮಚ ತುಪ್ಪ ಬಿಟ್ಟುಕೊಂಡು ತಿನ್ನು. ಗರಿಗರಿ ಇತ್ತೋ, ಮೆತ್ತಗಾಗಿತ್ತೋ, ರುಚಿಯೇ ಹತ್ತಲಿಲ್ಲವೋ, ಇದ್ದದ್ದನ್ನು ಇದ್ದ ಹಾಗೆಯೇ ಬರೆ.

ಇತಿ ಆಶೀರ್ವಾದಗಳು,
ನಿನ್ನ ಅತ್ತೆ