ಈ ಸಲ ಬಣ್ಣಕ್ಕಲ್ಲ, ತಾರಸಿಗೆ ದೇಣಿಗೆ ಕೇಳುತ್ತಿದ್ದೇವೆ

ಪ್ರೀತಿಯ ಪೋಷಕರೇ, ಹಳೆಯ ವಿದ್ಯಾರ್ಥಿಗಳೇ, ಶಾಲೆಯ ಹಿತೈಷಿಗಳೇ,

ನಮಸ್ಕಾರ.

ನಾಲ್ಕು ದಿನದ ರಜೆ ಮುಗಿದು ಗ್ರಂಥಾಲಯದ ಬಾಗಿಲು ತೆಗೆದಾಗ ಮೊದಲು ಮೂಗಿಗೆ ಬಡಿದದ್ದು ಮುಗ್ಗಲು ವಾಸನೆ. ಆಮೇಲೆ ಕಾಲಿಗೆ ನೀರು ತಾಗಿತು. ಜೊತೆಗೆ ಬಂದಿದ್ದ ಹುಡುಗ ಲೈಟ್ ಹಾಕಲು ಕೈ ಚಾಚಿದ. ನಮ್ಮ ಗ್ರಂಥಪಾಲಕಿ ಅವನ ಕೈ ಹಿಡಿದು ಹಿಂದಕ್ಕೆ ಎಳೆದರು. ಸ್ವಿಚ್‌ಬೋರ್ಡಿನ ಒಳಗಿಂದಲೇ ನೀರು ಇಳಿಯುತ್ತಿತ್ತು. ಮೇನ್ ಸ್ವಿಚ್ ಆರಿಸುವ ತನಕ ಯಾರೂ ಒಳಗೆ ಕಾಲಿಡಲಿಲ್ಲ. ಆ ಒಂದು ಕ್ಷಣ ನೆನೆದರೆ ನನಗೆ ಈಗಲೂ ಎದೆ ನಡುಗುತ್ತದೆ.

ಒಳಗೆ ಕಂಡದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಮೂಲೆಯಲ್ಲಿ ಸೀಲಿಂಗಿನ ಪ್ಲಾಸ್ಟರ್ ಕಳಚಿ ಓದುವ ಮೇಜಿನ ಮೇಲೆ ಬಿದ್ದಿತ್ತು. ಅದು ಬಿದ್ದಾಗ ಶಾಲೆಗೆ ರಜೆ ಇತ್ತು, ಅಷ್ಟೇ ನಮ್ಮ ಪುಣ್ಯ. ಗೋಡೆಗೆ ಒರಗಿದ್ದ ಎರಡು ಕಪಾಟುಗಳು ಹಿಂಬದಿಯಿಂದ ಪೂರ್ತಿ ನೆನೆದಿದ್ದವು. ಪುಸ್ತಕಗಳು ಊದಿಕೊಂಡು ಒಂದಕ್ಕೊಂದು ಬಿಗಿದಿದ್ದವು, ಎಳೆದರೂ ಬರುತ್ತಿರಲಿಲ್ಲ.

ನೆನೆದ ಕಾಗದಕ್ಕೆ ಕಾಲಾವಕಾಶ ತುಂಬ ಕಡಿಮೆ. 24ರಿಂದ 48 ಗಂಟೆಯೊಳಗೆ ಬೂಷ್ಟು ಹಿಡಿಯಲು ಶುರುವಾಗುತ್ತದೆ. ಅದರ ಬೀಜಕಣಗಳು ಗಾಳಿಯಲ್ಲಿ ಯಾವಾಗಲೂ ಇರುತ್ತವೆ, ತೇವ ಸಿಕ್ಕರೆ ಸಾಕು. ನಮಗಂತೂ ಎಷ್ಟು ದಿನ ಆಗಿತ್ತೋ ಗೊತ್ತಿರಲಿಲ್ಲ. ಹಾಗಾಗಿ ಅವತ್ತು ಪಾಠ ನಿಲ್ಲಿಸಿದೆವು. ಅಕ್ಕಪಕ್ಕದ ಮನೆಯವರೂ ಬಂದರು. ಪುಸ್ತಕಗಳನ್ನು ಜಗಲಿಯಲ್ಲಿ ನಿಲ್ಲಿಸಿ, ಹಾಳೆಗಳನ್ನು ಬೀಸಣಿಗೆಯಂತೆ ಬಿಡಿಸಿ, ನಡುನಡುವೆ ಖಾಲಿ ಬಿಳಿ ಹಾಳೆ ಇಟ್ಟೆವು. ಪತ್ರಿಕೆಯ ಹಾಳೆ ಇಟ್ಟರೆ ಅದರ ಮಸಿ ಪುಸ್ತಕಕ್ಕೆ ಅಂಟುತ್ತದೆ. ಬಿಸಿಲಿಗೆ ಇಡೋಣ ಎಂದು ಹಲವರು ಹೇಳಿದರು. ಬೇಡ ಎಂದೆವು. ಬಿಸಿಲಿಗೆ ರಟ್ಟು ಸೊಟ್ಟಗಾಗುತ್ತದೆ, ಅಕ್ಷರ ಮಾಸುತ್ತದೆ. ನೆರಳು ಮತ್ತು ಫ್ಯಾನಿನ ಗಾಳಿಯೇ ಒಳ್ಳೆಯದು. ಅವತ್ತೇ ಒಣಗಿಸಲು ಆಗದೆ ಉಳಿದ ಪುಸ್ತಕಗಳನ್ನು ಚೀಲದಲ್ಲಿ ಹಾಕಿ ಪೋಷಕರೊಬ್ಬರ ಫ್ರೀಜರ್‌ನಲ್ಲಿ ಇಟ್ಟೆವು. ಹೆಪ್ಪುಗಟ್ಟಿದ ಪುಸ್ತಕದಲ್ಲಿ ಬೂಷ್ಟು ಬೆಳೆಯುವುದಿಲ್ಲ, ಒಣಗಿಸಲು ನಮಗೆ ಸಮಯ ಸಿಗುತ್ತದೆ.

ಆದರೂ ಬಣ್ಣದ ಚಿತ್ರಗಳ ಪುಸ್ತಕಗಳನ್ನು ಉಳಿಸಲು ಆಗಲಿಲ್ಲ. ಆ ನುಣುಪು ಹಾಳೆಗಳು ಒಮ್ಮೆ ಅಂಟಿಕೊಂಡು ಒಣಗಿದರೆ ಇಟ್ಟಿಗೆಯಂತೆ ಆಗಿಬಿಡುತ್ತವೆ, ಬಿಡಿಸಲು ಬರುವುದಿಲ್ಲ. ಸಣ್ಣ ಮಕ್ಕಳು ಜಾಸ್ತಿ ಕೇಳುತ್ತಿದ್ದದ್ದೇ ಆ ಪುಸ್ತಕಗಳು.

1988ರ ಫೆಬ್ರವರಿಯಲ್ಲಿ ರಷ್ಯಾದ ಲೆನಿನ್‌ಗ್ರಾಡಿನ (ಈಗಿನ ಸೇಂಟ್ ಪೀಟರ್ಸ್‌ಬರ್ಗ್) ವಿಜ್ಞಾನ ಅಕಾಡೆಮಿಯ ಗ್ರಂಥಾಲಯಕ್ಕೆ ಬೆಂಕಿ ಬಿತ್ತು. ಬೆಂಕಿಗೆ ಸಿಗದ ಪುಸ್ತಕಗಳು ಬೆಂಕಿ ಆರಿಸಿದ ನೀರಿಗೆ ನೆನೆದವು. ಆಗ ಊರಿನ ಜನ ಆ ಒದ್ದೆ ಪುಸ್ತಕಗಳನ್ನು ಮನೆಗೆ ಒಯ್ದು, ಒಣಗಿಸಿ, ವಾಪಸ್ ತಂದುಕೊಟ್ಟರು. ನಮ್ಮದು ಅದರ ಮುಂದೆ ಏನೂ ಅಲ್ಲ. ಆದರೆ ಅವತ್ತು ಸಂಜೆ ನಿಮ್ಮಲ್ಲಿ ಎಷ್ಟೋ ಜನ ಕೈಚೀಲದಲ್ಲಿ ಪುಸ್ತಕ ತುಂಬಿಕೊಂಡು ಹೋಗುವಾಗ ನನಗೆ ಅದೇ ನೆನಪಾಯಿತು. ನಿಮ್ಮ ಋಣ ದೊಡ್ಡದು.

ಈಗ ಕೇಳಬೇಕಾದ ವಿಷಯಕ್ಕೆ ಬರುತ್ತೇನೆ.

ಇದೇ ಗೋಡೆಗೆ ಹಿಂದೆ ಎರಡು ಸಲ ಬಣ್ಣ ಹೊಡೆಸಿದ್ದೇವೆ. ಎರಡು ಸಲವೂ ನೀವೇ ದೇಣಿಗೆ ಕೊಟ್ಟಿದ್ದಿರಿ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣ ಗುಳ್ಳೆಯಾಯಿತು, ಹಕ್ಕಳೆ ಎದ್ದು ಉದುರಿತು. ಅಡಿಯಲ್ಲಿ ಬಿಳಿ ಪುಡಿ ಕಾಣಿಸಿತು. ಅದು ಸುಣ್ಣ ಎಂದುಕೊಂಡಿದ್ದೆವು. ಅಲ್ಲ, ಅದು ಉಪ್ಪು. ಗೋಡೆಯೊಳಗೆ ಹರಿದ ನೀರು ಇಟ್ಟಿಗೆ, ಸಿಮೆಂಟಿನಲ್ಲಿರುವ ಲವಣವನ್ನು ಕರಗಿಸಿಕೊಂಡು ಹೊರಗೆ ಬರುತ್ತದೆ. ನೀರು ಆರಿ ಹೋಗುತ್ತದೆ, ಉಪ್ಪು ಹರಳಾಗಿ ಬಣ್ಣವನ್ನು ಒಳಗಿನಿಂದ ತಳ್ಳುತ್ತದೆ. ಎಷ್ಟು ಒಳ್ಳೆಯ ಬಣ್ಣವಾದರೂ ತಡೆಯಲಾರದು. ನೀವು ಕೊಟ್ಟ ಹಣವನ್ನು ರೋಗ ಇರುವ ಕಡೆ ಹಾಕದೆ ಅದು ಕಾಣುವ ಕಡೆ ಹಾಕಿದೆವು. ಆ ತಪ್ಪು ಆಡಳಿತ ಮಂಡಳಿಯದು. ಅದಕ್ಕೆ ನಿಮ್ಮ ಕ್ಷಮೆ ಕೇಳುತ್ತೇವೆ.

ಈ ಸಲ ಕಟ್ಟಡ ತಿಳಿದ ಎಂಜಿನಿಯರ್ ಒಬ್ಬರನ್ನೂ ಹಳೆಯ ಮೇಸ್ತ್ರಿಯೊಬ್ಬರನ್ನೂ ಕರೆಸಿ ತಾರಸಿ ತೋರಿಸಿದೆವು. ಸೋರುತ್ತಿದ್ದ ಮೂಲೆಯ ನೇರ ಮೇಲೆ ಒಂದು ಬಿರುಕೂ ಇರಲಿಲ್ಲ. ನೀರು ಸ್ಲ್ಯಾಬಿನೊಳಗೆ ಇಳಿದದ್ದು ಅಲ್ಲಿಂದ ಹನ್ನೆರಡು ಅಡಿ ದೂರದಲ್ಲಿ, ಪ್ಯಾರಾಪೆಟ್ ಗೋಡೆ, ಅಂದರೆ ಅಂಚಿನ ಗಿಡ್ಡ ಗೋಡೆ, ತಾರಸಿಗೆ ಕೂಡುವ ಸಂದಿಯಲ್ಲಿ. ಒಳಗಿನ ಸರಳು, ಕರೆಂಟಿನ ಪೈಪು ಹಿಡಿದು ಹರಿದು ಬಂದು ಇಲ್ಲಿ ಹೊರಬಿದ್ದಿದೆ. ಸ್ವಿಚ್‌ಬೋರ್ಡಿಗೆ ನೀರು ಬಂದ ದಾರಿಯೂ ಅದೇ.

ಮೇಸ್ತ್ರಿ ತಾರಸಿಯ ಮೇಲೆ ಒಂದು ಬಕೆಟ್ ನೀರು ಸುರಿದು ಸುಮ್ಮನೆ ನಿಂತರು. ನೀರು ಮಳೆನೀರಿನ ಪೈಪಿನ ಕಡೆ ಹೋಗಲೇ ಇಲ್ಲ, ನಡುವೆಯೇ ನಿಂತಿತು. ವಾಟ ಇಲ್ಲ, ಅಂದರೆ ನೀರು ಹರಿದು ಹೋಗಲು ಇಳಿಜಾರು ಇಲ್ಲ ಎಂದರು. ತಾರಸಿಗೆ 100ಕ್ಕೆ 1ರಷ್ಟಾದರೂ ವಾಟ ಬೇಕು, ಅಂದರೆ 10 ಅಡಿಗೆ ಒಂದು ಇಂಚಿಗಿಂತ ಸ್ವಲ್ಪ ಜಾಸ್ತಿ. ಒಂದು ಚದರ ಮೀಟರಿನ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. 100 ಚದರ ಮೀಟರ್ ತಾರಸಿಗೆ 10 ಮಿಲಿಮೀಟರ್ ಮಳೆಯಾದರೆ 1,000 ಲೀಟರ್. ಅಷ್ಟು ನೀರು ಹೋಗಲು ದಾರಿ ಇಲ್ಲದೆ ಅಲ್ಲೇ ನಿಂತರೆ ಸಣ್ಣ ಬಿರುಕೂ ಸಾಕು, ಅಲ್ವಾ? ಇರುವ ಎರಡು ಪೈಪುಗಳ ಬಾಯಿಯಲ್ಲಿ ಎಲೆ, ಮಣ್ಣು ಕಟ್ಟಿಕೊಂಡಿತ್ತು. ಅದನ್ನು ಅವತ್ತೇ ತೆಗೆಸಿದೆವು.

ಆಮೇಲೆ ಕೆಳಗೆ ಬಂದು ಸೀಲಿಂಗಿಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ಕೆಲವು ಕಡೆ ಗಟ್ಟಿ ಶಬ್ದ, ಕೆಲವು ಕಡೆ ಪೊಳ್ಳು ಶಬ್ದ. ಪೊಳ್ಳು ಬಂದಲ್ಲಿ ಬಿಡಿಸಿ ನೋಡಿದರೆ ಒಳಗಿನ ಸರಳುಗಳು ಕೆಂಪಗಾಗಿದ್ದವು. ಗಟ್ಟಿ ಕಾಂಕ್ರೀಟು ತನ್ನ ಕ್ಷಾರದಿಂದ ಕಬ್ಬಿಣವನ್ನು ಕಾಪಾಡುತ್ತದೆ. ವರ್ಷಗಟ್ಟಲೆ ಗಾಳಿ, ನೀರು ಒಳಗೆ ಹೋದರೆ ಆ ರಕ್ಷಣೆ ಹೋಗುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ 2ರಿಂದ 6 ಪಟ್ಟು ಜಾಗ ಕೇಳುತ್ತದೆ. ಆ ಒತ್ತಡಕ್ಕೆ ಕಾಂಕ್ರೀಟು ಸಿಡಿದು ಬೀಳುತ್ತದೆ. ಮೇಜಿನ ಮೇಲೆ ಬಿದ್ದದ್ದು ಬರೀ ಪ್ಲಾಸ್ಟರ್ ಅಲ್ಲ ಎಂದು ಆಗ ತಿಳಿಯಿತು. ಸ್ಲ್ಯಾಬು ಇನ್ನೂ ಉಳಿಸುವ ಸ್ಥಿತಿಯಲ್ಲಿದೆ, ಆದರೆ ಇನ್ನೊಂದು ಮಳೆಗಾಲ ಹೀಗೇ ಬಿಡಬೇಡಿ ಎಂದು ಎಂಜಿನಿಯರ್ ಬರೆದುಕೊಟ್ಟಿದ್ದಾರೆ. ಅವತ್ತಿನಿಂದ ಗ್ರಂಥಾಲಯಕ್ಕೆ ಬೀಗ ಹಾಕಿದ್ದೇವೆ. ಪಕ್ಕದ ಕೊಠಡಿಯ ಮಕ್ಕಳನ್ನೂ ಕೆಳಗಿನ ಸಭಾಂಗಣಕ್ಕೆ ಕರೆತಂದಿದ್ದೇವೆ. ಉಬ್ಬಸ ಇರುವ ಮಕ್ಕಳು ನಮ್ಮಲ್ಲಿದ್ದಾರೆ. ಬೂಷ್ಟು ಸತ್ತು ಒಣಗಿದ ಮೇಲೂ ಅದರ ಧೂಳು ಅವರಿಗೆ ತೊಂದರೆ ಕೊಡುತ್ತದೆ.

ಕೆಲಸ ಹೀಗೆ ನಡೆಯಬೇಕು. ಮೊದಲು ಸಡಿಲವಾದ ಕಾಂಕ್ರೀಟು ಬಿಡಿಸಿ, ಸರಳಿನ ತುಕ್ಕು ಉಜ್ಜಿ, ತೆಳ್ಳಗಾದ ಕಡೆ ಹೊಸ ಸರಳು ಸೇರಿಸಿ ದುರಸ್ತಿ ಮಾಡಬೇಕು. ತಾರಸಿಗೆ ಹೊಸದಾಗಿ ವಾಟ ಕೊಟ್ಟು, ಪ್ಯಾರಾಪೆಟ್ ಸಂದಿಯನ್ನು ದುಂಡಗೆ ಮುಚ್ಚಿ, ಆಮೇಲೆ ವಾಟರ್‌ಪ್ರೂಫಿಂಗ್. ಪೈಪುಗಳನ್ನು ಎರಡರಿಂದ ನಾಲ್ಕು ಮಾಡಬೇಕು. ಕರೆಂಟಿನ ಪೂರ್ತಿ ವೈರಿಂಗ್ ಬದಲಾಗಬೇಕು. ಒಳಗಿನಿಂದ ಏನಾದರೂ ಬಳಿದು ಕಡಿಮೆಯಲ್ಲಿ ಮುಗಿಸಬಹುದು ಎಂದು ಹೇಳಿದವರೂ ಇದ್ದಾರೆ. ನಾವು ಒಪ್ಪಲಿಲ್ಲ. ಮೇಲಿನಿಂದ ಬರುವ ನೀರನ್ನು ಮೇಲೆಯೇ ತಡೆಯಬೇಕು. ಕೆಳಗೆ ತಡೆದರೆ ಅದು ಸ್ಲ್ಯಾಬಿನೊಳಗೇ ಉಳಿದು ಸರಳನ್ನು ತಿನ್ನುತ್ತದೆ.

ಬಣ್ಣ ಕೊನೆಗೆ. ಗೋಡೆ ಒಣಗಲು ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ತಿಂಗಳು ಎಂಬುದು ಕಟ್ಟಡದವರ ಲೆಕ್ಕ. ಗೋಡೆಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ರಾತ್ರಿ ಬಿಟ್ಟು, ಬೆಳಿಗ್ಗೆ ಅದರ ಒಳಬದಿಯಲ್ಲಿ ಹನಿ ಇಲ್ಲ ಎಂದಾದ ಮೇಲೆಯೇ ಬಣ್ಣದ ಮಾತು. ಹಾಗಾಗಿ ದೇಣಿಗೆ ಕೊಟ್ಟ ಮೇಲೂ ಕೆಲವು ತಿಂಗಳು ಆ ಗೋಡೆ ಕಲೆ ಹಿಡಿದ ಹಾಗೆಯೇ ಕಾಣುತ್ತದೆ. ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಹಣ ಆ ಹೊತ್ತಿಗೆ ಮೇಲೆ, ಕಣ್ಣಿಗೆ ಬೀಳದ ಕಡೆ ಕೆಲಸ ಮಾಡುತ್ತಿರುತ್ತದೆ.

ತಾರಸಿಯನ್ನು ಚದರ ಅಡಿಗಳಾಗಿ ಲೆಕ್ಕ ಹಾಕಿದ್ದೇವೆ. ಒಂದು ಅಡಿ ಕೊಡಬಹುದು, ಹತ್ತು ಅಡಿ ಕೊಡಬಹುದು, ಒಂದು ಪೈಪಿನ ಖರ್ಚು ವಹಿಸಬಹುದು. ಸ್ನೇಹಿತರು ನಾಲ್ಕು ಜನ ಸೇರಿ ಒಂದು ಅಡಿ ಕೊಟ್ಟರೂ ಅಷ್ಟೇ ಸಂತೋಷ. ಮೂರು ಕಡೆಯಿಂದ ತರಿಸಿದ ಅಂದಾಜು ಪಟ್ಟಿಗಳನ್ನು, ಎಂಜಿನಿಯರ್ ಬರೆದ ವರದಿಯನ್ನು ಕಚೇರಿಯ ಎದುರಿನ ಫಲಕದಲ್ಲಿ ಹಾಕಿದ್ದೇವೆ, ಬಂದು ಓದಿ. ದೇಣಿಗೆಯನ್ನು ಶಾಲೆಯ ಕಚೇರಿಯಲ್ಲಿ ಮಾತ್ರ ಕೊಡಿ, ರಸೀದಿ ಪಡೆದೇ ಹೋಗಿ. ಮಕ್ಕಳ ಕೈಯಲ್ಲಿ ಹಣ ಕಳಿಸಬೇಡಿ. ಮನೆಮನೆಗೆ ಯಾರನ್ನೂ ಕಳಿಸುವುದಿಲ್ಲ. ಪ್ರತಿ ವಾರದ ಖರ್ಚು ಅದೇ ಫಲಕದಲ್ಲಿ ಬರುತ್ತದೆ. ಮುಚ್ಚಿಹೋಗುವ ಪ್ರತಿ ಹಂತದ ಫೋಟೊ ತೆಗೆದು ಪಕ್ಕದಲ್ಲೇ ಹಾಕುತ್ತೇವೆ. ಏನಾದರೂ ಉಳಿದರೆ ಅದು ತಾರಸಿಯ ಮುಂದಿನ ನಿಗಾಕ್ಕೇ ಹೋಗುತ್ತದೆ, ಬೇರೆ ಯಾವುದಕ್ಕೂ ಅಲ್ಲ.

ಹಣ ಕೊಡಲು ಆಗದವರು ಸಂಕೋಚ ಪಡಬೇಡಿ. ಗಾರೆ ಕೆಲಸ, ವೈರಿಂಗ್ ಬಲ್ಲವರು ಒಂದು ದಿನ ಕೊಡಿ. ಕಪಾಟು ಉಜ್ಜಲು ಕೈಗಳು ಬೇಕು. ಬರುವವರಿಗೆ ಮಾಸ್ಕ್, ಕೈಗವಸು ನಾವು ಕೊಡುತ್ತೇವೆ. ಬೂಷ್ಟನ್ನು ಒಣ ಪೊರಕೆಯಿಂದ ಗುಡಿಸಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು. ಬ್ಲೀಚಿಂಗ್ ಪೌಡರ್ ಜೊತೆ ಆ್ಯಸಿಡ್ ಬೆರೆಸುವುದು ಬೇಡವೇ ಬೇಡ, ವಿಷದ ಗಾಳಿ ಬರುತ್ತದೆ. ಹಳೆಯ ಪುಸ್ತಕ ಕೊಡಲು ತುಂಬ ಜನ ಕೇಳಿದ್ದೀರಿ. ಸದ್ಯಕ್ಕೆ ನಿಮ್ಮಲ್ಲೇ ಇರಲಿ. ಒಣ ಕೊಠಡಿ ಸಿದ್ಧವಾದ ದಿನ ನಾವೇ ಕೇಳುತ್ತೇವೆ.

ವಾಟರ್‌ಪ್ರೂಫಿಂಗ್‌ಗೆ ಒಣಗಿದ ಸ್ಲ್ಯಾಬ್ ಬೇಕು. ಮುಂದಿನ ಮಳೆಗಾಲ ಬರುವ ಮೊದಲು ಮುಗಿಯದಿದ್ದರೆ ಇನ್ನೊಂದು ವರ್ಷ ಕಾಯಬೇಕು. ಈ ತಿಂಗಳ ಕೊನೆಯೊಳಗೆ ನಿಮ್ಮ ಪಾಲು ತಿಳಿಸಿದರೆ ಕೆಲಸ ಶುರು ಮಾಡುತ್ತೇವೆ.

ಎಲ್ಲ ಮುಗಿದ ಮೇಲೆ ಪೈಪುಗಳ ಬಾಯಿ ಮುಚ್ಚಿ, ತಾರಸಿಯ ತುಂಬ ನೀರು ಕಟ್ಟಿ, 48 ಗಂಟೆ ಬಿಡುತ್ತೇವೆ. ಮೂರನೆಯ ದಿನ ಬೆಳಿಗ್ಗೆ ಗ್ರಂಥಾಲಯದ ಬೀಗ ತೆಗೆಯುವಾಗ ನೀವೂ ಬನ್ನಿ. ನಮ್ಮ ಜೊತೆ ಒಳಗೆ ನಿಂತು ಸೀಲಿಂಗಿನ ಆ ಮೂಲೆಯನ್ನು ನೋಡಿ, ಕೈಯಿಟ್ಟು ಮುಟ್ಟಿ ನೋಡಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ
ಶಾಲಾ ಆಡಳಿತ ಮಂಡಳಿಯ ಪರವಾಗಿ