ಆರು ಸೆನ್ಸರ್, ಒಂದೇ ಝೋನ್

ಮಾನ್ಯ ಸಂಪಾದಕರೇ,

ನಮ್ಮದು ಮುಂದೆ ಕಿರಾಣಿ ಅಂಗಡಿ, ಹಿಂದೆ ಮನೆ. ಕಳ್ಳರ ಭಯಕ್ಕೆ ವೈರ್‌ಲೆಸ್ ಅಲಾರಂ ಹಾಕಿಸಿದೆ. ಫಿಟಿಂಗ್ ಮಾಡಲು ಬಂದ ಹುಡುಗ ಆರೂ ಸೆನ್ಸರ್‌ಗಳನ್ನು ಒಂದೇ ಝೋನ್‌ಗೆ, ಅಂದರೆ ಒಟ್ಟಿಗೇ ಚಾಲೂ-ಬಂದ್ ಆಗುವ ಒಂದೇ ಗುಂಪಿಗೆ ಸೇರಿಸಿ, ರೊಕ್ಕ ಎಣಿಸಿಕೊಂಡು ಹೋದ. ನಸುಕಿನ ಮೂರಕ್ಕೆ ನಮ್ಮವ್ವ ಬಚ್ಚಲಿಗೆ ಎದ್ದಳು, ಸೈರನ್ ಕೂಗಿತು. ಬಡಿಗೆ ಹಿಡಿದು ಓಡಿಬಂದ ಓಣಿಯವರಿಗೆ ಚಹಾ ಕುಡಿಸಿ ಕಳಿಸಿದೆ. ಮೂರನೇ ಸಲ ಯಾರೂ ಬರಲಿಲ್ಲ.

ಕಡೆಗೆ ಅಳಿಯನೇ ಕೈಪಿಡಿ ಓದಿ ಬಿಡಿಸಿ ಹಾಕಿದ. ಶಟರ್, ಹಿತ್ತಲ ಬಾಗಿಲು ಒಂದು ಝೋನ್. ಪಡಸಾಲೆಯಲ್ಲಿ ಓಡಾಟ ಹಿಡಿಯುವ ಸೆನ್ಸರ್ ಇನ್ನೊಂದು, ನಾವು ಮಲಗುವಾಗ ಅದು ಬಂದ್. ಹೊಗೆಯದ್ದು ಮಾತ್ರ 24 ತಾಸೂ ಎಚ್ಚರ. ಶಟರ್ ಎತ್ತಿ ಒಳಬಂದು ಕೋಡ್ ಒತ್ತಲು 30 ಸೆಕೆಂಡ್ ಪುರುಸೊತ್ತು. ಪಿಸುಮಾತೂ ಕೇಳಿಸುವ ಗೋಳಗುಮ್ಮಟದ ಊರಲ್ಲಿ ನಮ್ಮ ಗೋದಾಮಿನ ಸಿಗ್ನಲ್ ಮಾತ್ರ ಎರಡು ಅಡಿ ಕಲ್ಲಿನ ಗೋಡೆ ದಾಟುತ್ತಿರಲಿಲ್ಲ. ಅಲಾರಂ ಪೆಟ್ಟಿಗೆಯನ್ನೇ ಮೆಟ್ಟಿಲ ಬಳಿ ಸರಿಸಬೇಕಾಯಿತು.

ಮಾರುವವರಿಗೆ ನನ್ನ ವಿನಂತಿ ಇಷ್ಟು: ಯಾವ ಝೋನ್ ನಂಬರಿಗೆ ಯಾವ ಬಾಗಿಲು ಎಂದು ಕನ್ನಡದಲ್ಲಿ ಬರೆದು ಪೆಟ್ಟಿಗೆಯ ಪಕ್ಕ ಅಂಟಿಸಿ. ಒಂದೊಂದೇ ಬಾಗಿಲು ತೆರೆದು ಮನೆಯವರೆದುರು ಪರೀಕ್ಷಿಸಿ ತೋರಿಸಿ. ನಮ್ಮವ್ವ ಈಗಲೂ ಬಚ್ಚಲಿಗೆ ಹೋಗುವ ಮುಂಚೆ ನನ್ನನ್ನು ಎಬ್ಬಿಸಿ ಕೇಳುತ್ತಾಳೆ.

– ಕಿರಾಣಿ ವ್ಯಾಪಾರಿ, ವಿಜಯಪುರ